ಗಿಟಾರಿನ ದನಿ ಒಡೆಯುತ್ತದೋ, ಬಿರಿಯುತ್ತದೋ?

ಗೆಳೆಯರೇ,

ಒಂದು ಪದಕ್ಕಾಗಿ ಎರಡು ವಾರದಿಂದ ತಲೆ ಕೆರೆದುಕೊಳ್ಳುತ್ತಿದ್ದೇನೆ. ಹಳೇ ಕಾಲದ ಬ್ಲೂಸ್ (ಅಮೆರಿಕದ ಕಪ್ಪುಜನರ ಸಂಗೀತ) ನುಡಿಸಬೇಕು ಅನ್ನುವ ಹುಡುಗರಿಗೆ ಯಾವ ಗಿಟಾರ್ ಕೊಳ್ಳಬೇಕು, ಯಾವ ಪೆಡಲ್ (ದನಿ ಬದಲಿಸಲು ಕಾಲಲ್ಲಿ ಒತ್ತುವ ಪೆಟ್ಟಿಗೆ) ಸಾಕು ಅಂತ ಕನ್ನಡದಲ್ಲಿ ನಾಲ್ಕು ಪುಟ ಬರೆಯುತ್ತಿದ್ದೇನೆ. ಗಿಟಾರ್, ಪೆಡಲ್, ಆಂಪ್ (ದನಿ ಹೆಚ್ಚಿಸುವ ಪೆಟ್ಟಿಗೆ), ಪಿಕಪ್ (ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಸುರುಳಿ) ಇವನ್ನೆಲ್ಲ ಹಾಗೇ ಬಿಟ್ಟಿದ್ದೇನೆ. ಟೋನ್ ಅನ್ನುವ ಕಡೆ ‘ನಾದ’ ಅಂದರೆ ನಡೆಯುತ್ತೆ. ನಾನು ಸಿಕ್ಕಿಹಾಕಿಕೊಂಡಿರುವುದು ಓವರ್‌ಡ್ರೈವ್ ಹತ್ತಿರ.

ಅದೇನು ಅಂತ ಮೊದಲು ಹೇಳಿಬಿಡುತ್ತೇನೆ. ವಾಲ್ವ್ ಆಂಪನ್ನು (ನಮ್ಮ ರೇಡಿಯೋ ರಿಪೇರಿಯವರು ವಾಲ್ವ್ ಅಂತಲೇ ಅನ್ನುತ್ತಿದ್ದರು, ನಾನೂ ಬಿಡಲಾರೆ) ಅದರ ಶಕ್ತಿ ಮೀರಿ ಕೂಗಿಸಿದರೆ ದನಿಯ ಅಲೆಯ ನೆತ್ತಿ ಚಪ್ಪಟೆಯಾಗುತ್ತದೆ. ಮೂಲ ಸ್ವರದ ಜೊತೆಗೆ ಅದರ ಮೇಲಿನ ಸ್ವರಗಳೂ ಏಳುತ್ತವೆ. ನಾದ ದಪ್ಪವಾಗುತ್ತದೆ, ಅಂಚಿನಲ್ಲಿ ಸ್ವಲ್ಪ ಕರಕರ ಅನ್ನುತ್ತದೆ. ಆದರೆ ಇದು ಕೈಯ ಮಾತು ಕೇಳುತ್ತದೆ. ತಂತಿಯನ್ನು ಮೆಲ್ಲಗೆ ಮೀಟಿದರೆ ದನಿ ತಿಳಿಯಾಗಿಯೇ ಇರುತ್ತದೆ. ಅದೇ ತಂತಿಯನ್ನು ಜೋರಾಗಿ ಮೀಟಿದರೆ ಅಂಚು ಕೆದರುತ್ತದೆ. ಗಿಟಾರಿನ ವಾಲ್ಯೂಮ್ ಗುಂಡಿಯನ್ನು ಹತ್ತರಿಂದ ಆರಕ್ಕೆ ಇಳಿಸಿದರೆ ದನಿ ಮತ್ತೆ ತಿಳಿಯಾಗುತ್ತದೆ.

ಇದನ್ನು ಯಾರೂ ಬೇಕು ಅಂತ ಹುಡುಕಿದ್ದಲ್ಲ. ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ 1943ರಲ್ಲಿ ಮಿಸಿಸಿಪಿಯಿಂದ ಶಿಕಾಗೋಗೆ ಬಂದರು. ಅಲ್ಲಿನ ಕ್ಲಬ್ಬುಗಳ ಗದ್ದಲದಲ್ಲಿ ಬರೀ ಮರದ ಗಿಟಾರ್ ಕೇಳಿಸುತ್ತಿರಲಿಲ್ಲ. ಅವರಂಥವರು ಎಲೆಕ್ಟ್ರಿಕ್ ಗಿಟಾರ್ ಹಿಡಿದು, ಚಿಕ್ಕ ಆಂಪುಗಳ ಗುಂಡಿಯನ್ನು ಕೊನೆತನಕ ತಿರುಗಿಸಿದರು. ಹಿಂದಿನ ಸಾಲಿನವರಿಗೂ ಕೇಳಲಿ ಅಂತ, ಅಷ್ಟೇ.

ಇಂಗ್ಲಿಷಿನಲ್ಲಿ ನುಡಿಸುವವರು ಇದಕ್ಕೆ ‘ಬ್ರೇಕಪ್’ ಅಂತಲೂ ಅನ್ನುತ್ತಾರೆ. ಹಾಗಾಗಿ ನನಗೆ ಮೊದಲು ಹೊಳೆದದ್ದು ‘ಒಡೆ’. ಹದಿಮೂರು ಹದಿನಾಲ್ಕರ ಹುಡುಗನಿಗೆ ದನಿ ಒಡೆಯಿತು ಅನ್ನುತ್ತೇವೆ, ಅಲ್ವಾ? ಚೆನ್ನಾಗಿದೆ ಅನ್ನಿಸಿತು. ಅದೇ ಹುರುಪಿನಲ್ಲಿ ನನ್ನ ಹಳೇ ಆಂಪ್ ಮಾರಲು ಕನ್ನಡದಲ್ಲಿ ಜಾಹೀರಾತು ಹಾಕಿದೆ: ‘ದನಿ ಸೊಗಸಾಗಿ ಒಡೆಯುತ್ತದೆ.’ ಒಬ್ಬ ಫೋನ್ ಮಾಡಿದ.

“ಸಾರ್, ಸ್ಪೀಕರ್ ಹರಿದಿದೆಯಾ?”

“ಇಲ್ಲಪ್ಪಾ, ಅದು ಆಂಪಿನ ಗುಣ.”

“ಹಂಗಾದ್ರೆ ಒಡೆಯುತ್ತೆ ಅಂತ ಯಾಕೆ ಬರೆದ್ರಿ?” ಅಂದವನು ಅರ್ಧ ಬೆಲೆಗೆ ಕೇಳಿದ.

ತಮಾಷೆ ಅಂದರೆ, ನಿಜವಾಗಿಯೂ ಕೆಟ್ಟ ಆಂಪಿನಿಂದ ಹುಟ್ಟಿದ ದನಿಯೂ ಉಂಟು. 1951ರಲ್ಲಿ ಅಮೆರಿಕದ ಸಂಗೀತಗಾರ ಐಕ್ ಟರ್ನರ್ ತಂಡ ಮೆಂಫಿಸ್‌ಗೆ ರೆಕಾರ್ಡಿಂಗಿಗೆ ಹೋಗುವಾಗ ಗಿಟಾರ್ ಆಂಪಿಗೆ ದಾರಿಯಲ್ಲಿ ಏಟಾಗಿತ್ತು. ಅಲ್ಲಿ ಸ್ಟುಡಿಯೋ ನಡೆಸುತ್ತಿದ್ದ ಸ್ಯಾಮ್ ಫಿಲಿಪ್ಸ್ ಸ್ಪೀಕರಿಗೆ ಕಾಗದ ತುರುಕಿ ಹಾಗೇ ರೆಕಾರ್ಡ್ ಮಾಡಿದರು. ಆ ಗುರುಗುಟ್ಟುವ ಗಿಟಾರನ್ನು ಜನ ಇವತ್ತಿಗೂ ಹುಡುಕಿ ಕೇಳುತ್ತಾರೆ. ಆ ಆಂಪಿಗೆ ‘ಒಡೆ’ ಸರಿ. ನನ್ನದಕ್ಕೆ ಅಲ್ಲ.

ಧಾರವಾಡದ ಗೆಳೆಯರೊಬ್ಬರು ‘ಜವಾರಿ’ ಅನ್ನಿ ಅಂದರು. ತಂಬೂರಿಯ ತಂತಿ ಕುದುರೆಯ (ತಂತಿಯನ್ನು ಹೊತ್ತಿರುವ ತುಂಡು) ಬೆನ್ನಿಗೆ ಸವರಿಕೊಂಡು ಝೇಂಕರಿಸುತ್ತದಲ್ಲ, ಆ ಜವಾರಿ. ಅಲ್ಲೂ ಮೇಲಿನ ಸ್ವರಗಳು ಏಳುತ್ತವೆ, ಹೋಲಿಕೆ ಸುಳ್ಳಲ್ಲ. ಆದರೆ ತಂಬೂರಿಯನ್ನು ಎಷ್ಟು ಮೆಲ್ಲಗೆ ಮೀಟಿದರೂ ಜವಾರಿ ಇದ್ದೇ ಇರುತ್ತದೆ. ಜೊತೆಗೆ ಆ ಕಡೆ ಜವಾರಿ ಕೋಳಿ, ಜವಾರಿ ಹತ್ತಿ ಬೇರೆ ಇವೆ. ‘ಜವಾರಿ ಗಿಟಾರ್’ ಅಂದರೆ ಊರಲ್ಲೇ ಮಾಡಿದ ಗಿಟಾರ್ ಅಂದುಕೊಳ್ಳುತ್ತಾರೆ.

ನಮ್ಮಮ್ಮನಂತೂ ಒಂದು ಸಂಜೆ ಕೇಳಿಸಿಕೊಂಡು, “ಏನೋ, ನಿನ್ನ ಗಿಟಾರಿಗೆ ಗಂಟಲು ಕಟ್ಟಿದೆಯಾ?” ಅಂದರು. ಅದರಿಂದ ‘ಗೊಗ್ಗರು’ ನೆನಪಾಯಿತು. ಬ್ಲೂಸ್ ಗಾಯಕ ಹೌಲಿನ್ ವುಲ್ಫ್ ಹಾಡುವ ಗಂಟಲಿಗೆ ಇದಕ್ಕಿಂತ ಒಳ್ಳೆಯ ಪದ ಸಿಗಲಿಕ್ಕಿಲ್ಲ. ಗಿಟಾರಿಗೆ ಮಾತ್ರ ಸ್ವಲ್ಪ ಜಾಸ್ತಿಯಾಯಿತು. ಫಜ್ ಪೆಡಲ್ ಬೇರೆಯೇ ಜಾತಿ, 1966ರ ಫಜ್ ಫೇಸ್ ಥರದ್ದು. ಅದು ಅಲೆಯ ತಲೆಯನ್ನೇ ಕತ್ತರಿಸಿ ಜೇನುಗೂಡಿನ ಹಾಗೆ ಗುಂಯ್‌ಗುಡುತ್ತದೆ. ಅದಕ್ಕೆ ‘ಗುಂಯ್’ ಅಂತಲೇ ಬರೆದಿದ್ದೇನೆ, ಸುಮ್ನೆ.

ಈಗ ನಾನು ಒಲಿದಿರುವುದು ‘ಬಿರಿ’ಗೆ. ಮಲ್ಲಿಗೆ ಬಿರಿಯುತ್ತದೆ, ಬೇಸಿಗೆಯಲ್ಲಿ ನೆಲ ಬಿರಿಯುತ್ತದೆ, ಮದುವೆಮನೆಯಲ್ಲಿ ಹೊಟ್ಟೆ ಬಿರಿಯುವಷ್ಟು ಉಣ್ಣುತ್ತೇವೆ. ಒಳಗೆ ಹಿಡಿಸಲಾರದೆ ಬಾಯಿಬಿಡುವುದು. ಆಂಪಿನೊಳಗೆ ಆಗುವುದೂ ಅದೇ. ಮಲ್ಲಿಗೆ ಬಿರಿದರೆ ಯಾರೂ ಅರ್ಧ ಬೆಲೆಗೆ ಕೇಳುವುದಿಲ್ಲ ಅನ್ನುವುದು ಬೇರೆ ಲಾಭ. ನನ್ನ ಪುಟಗಳಲ್ಲಿ ಹೀಗೆ ಕೂರಿಸಿ ನೋಡಿದ್ದೇನೆ:

‘ಟೆಲಿಕ್ಯಾಸ್ಟರ್ ಗಿಟಾರಿನ ಒಂಟಿ ಸುರುಳಿಯ ಪಿಕಪ್‌ನಲ್ಲಿ ದನಿ ನಿಧಾನಕ್ಕೆ ಬಿರಿಯುತ್ತದೆ. 1957ರಲ್ಲಿ ಗಿಬ್ಸನ್ ಗಿಟಾರುಗಳಿಗೆ ಬಂದ ಜೋಡಿ ಸುರುಳಿಯ ಹಂಬಕರ್ ಆಂಪಿಗೆ ಜಾಸ್ತಿ ಸಿಗ್ನಲ್ ಕಳಿಸುತ್ತದೆ, ಅದಕ್ಕೇ ಬೇಗ ಬಿರಿಯುತ್ತದೆ. ಬ್ಲೂಸ್ ಗಿಟಾರ್ ವಾದಕ ಸ್ಟೀವಿ ರೇ ವಾನ್ ಬಳಸುತ್ತಿದ್ದ ಹಸಿರು ಟ್ಯೂಬ್ ಸ್ಕ್ರೀಮರ್ ಪೆಡಲ್ ಕೊಂಡರೆ ಡ್ರೈವ್ ಗುಂಡಿ ಕಡಿಮೆ ಇಡಿ, ಲೆವೆಲ್ ಗುಂಡಿ ಏರಿಸಿ. ಬಿರಿಯುವ ಕೆಲಸವನ್ನು ಆಂಪಿಗೇ ಬಿಡಿ.’

ಓದುವಾಗ ತೊಡಕಿಲ್ಲ ಅನ್ನಿಸುತ್ತದೆ. ನಿಮ್ಮ ಕಿವಿಗೆ ಹೇಗಿದೆ? ನಿಮ್ಮ ಕಡೆ ‘ದನಿ ಬಿರಿಯಿತು’ ಅಂತ ಯಾರಾದರೂ ಆಡುತ್ತಾರಾ? ಆಡಿದರೆ ಯಾವ ಅರ್ಥದಲ್ಲಿ?

ಇನ್ನೊಂದು ತಲೆನೋವು ನಾಮಪದದ್ದು. ‘ಇರಿ’ಯಿಂದ ಇರಿತ ಬಂದ ಹಾಗೆ ‘ಬಿರಿತ’ ಅಂದರೆ ಪತ್ರಿಕೆಯ ಅಪರಾಧ ಸುದ್ದಿಯ ತಲೆಬರಹದಂತಿದೆ. ‘ಬಿರುಕು’ ಗೋಡೆಗೆ ಹೋಗಿ ಅಂಟಿಕೊಂಡಿದೆ. ‘ಹರಿ’ಗೆ ಹರಿವು ಇರುವ ಹಾಗೆ ‘ಬಿರಿವು’ ಅನ್ನೋಣವಾ? ಪೆಡಲನ್ನು ‘ಬಿರಿವಿನ ಪೆಡಲ್’ ಅಂದರೆ ಅಂಗಡಿಯಲ್ಲಿ ನಗುತ್ತಾರಾ?