ಬೆಕ್ಕನ್ನು ಹೊರಗೆ ಹಾಕಿದರೆ ನಿದ್ದೆ ಬರುತ್ತದಾ?

ಬೂದಿಯ ಅಮ್ಮ (ಸುಂಟಿಕೊಪ್ಪ ಹತ್ತಿರ):

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸಣ್ಣದು, ಪೀಠಿಕೆ ಉದ್ದ. ಕತೆ ಬರೆಯುವವಳಲ್ವಾ, ಸಹಿಸಿಕೊಳ್ಳಿ.

ನನಗೆ 57 ವರ್ಷ. ಮೂರು ಎಕರೆ ರೋಬಸ್ಟಾ ಕಾಫಿ, ಶೀಟಿನ ಮನೆ, ಎರಡು ಬೆಕ್ಕು. ಹಗಲು ತೋಟ, ರಾತ್ರಿ ಬರವಣಿಗೆ. ಎರಡು ವರ್ಷದಿಂದ ನಿದ್ದೆ ಕೆಟ್ಟಿದೆ. ಹನ್ನೊಂದಕ್ಕೆ ಮಲಗಿದರೆ ಒಂದೂವರೆಗೆ ಎಚ್ಚರ. ಮತ್ತೆ ಜೊಂಪು ಹತ್ತುವುದು ಮೂರರ ಮೇಲೆ. ಆಮೇಲೆ ಕನಸುಗಳು.

ಎಂಥ ಕನಸು ಅಂತೀರಿ! ಒಂದರಲ್ಲಿ ನಮ್ಮ ಕಾಫಿ ಗಿಡಗಳೆಲ್ಲ, ಹೆಂಗಸರು ಹೊಳೆ ದಾಟುವಾಗ ಸೀರೆ ಎತ್ತಿಕೊಂಡ ಹಾಗೆ, ಬೇರು ಎತ್ತಿಕೊಂಡು ಸಾಲಾಗಿ ಕೆಳಗಿನ ರಸ್ತೆಗೆ ಇಳಿಯುತ್ತಿರುತ್ತವೆ. ನಾನು ಹಿಂದೆ ಓಡಿ, "ಹೂ ಮಳೆಯೇ ಬಂದಿಲ್ಲ, ಈಗಲೇ ಎಲ್ಲಿಗೆ?" ಅಂತ ಕೇಳುತ್ತೇನೆ. ಒಂದೂ ತಿರುಗಿ ನೋಡುವುದಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದ್ದನ್ನು ಕಂಡವರಿಗೆ ಈ ಕನಸು ಎಲ್ಲಿಂದ ಬಂತು ಅಂತ ಹೇಳಬೇಕಾಗಿಲ್ಲ. ಆದರೆ ಇನ್ನೊಂದಕ್ಕೆ ತಲೆಬುಡ ಇಲ್ಲ. ತೀರಿಹೋದ ನಮ್ಮತ್ತೆ ಒಲೆ ಮುಂದೆ ಕೂತು, ನಾನು ಬರೆದ ಹಾಳೆಗಳನ್ನು ಕಡಂಬುಟ್ಟಿನ ಹಾಗೆ ಉಂಡೆ ಕಟ್ಟಿ ಹಬೆಗೆ ಇಡುತ್ತಾರೆ. ಮುಚ್ಚಳ ತೆಗೆದು "ಇನ್ನೂ ಬೆಂದಿಲ್ಲ" ಅನ್ನುತ್ತಾರೆ. ಒಬ್ಬ ಸಂಪಾದಕರೂ ಅದನ್ನೇ ಹೇಳಿದ್ದರು, ಅದು ಬೇರೆ ವಿಷಯ.

ಎದ್ದಾಗ ಎದೆ ಡವಡವ. ಆಗ ಬೂದಿ ಕಾಲಿನ ಹತ್ತಿರದಿಂದ ಎದ್ದು ಬಂದು ಎದೆ ಮೇಲೆ ಕೂರುತ್ತಾಳೆ. ಮರಿಯಾಗಿದ್ದಾಗ ಬಚ್ಚಲ ಒಲೆಯ ಬೂದಿಯಲ್ಲಿ ಮಲಗುತ್ತಿದ್ದಳು, ಅದಕ್ಕೇ ಆ ಹೆಸರು. ಅವಳ ಗೊರಗೊರ ಸದ್ದು ಕೇಳುತ್ತಾ ಐದು ನಿಮಿಷ ಬಿಟ್ಟರೆ ಉಸಿರು ಹದಕ್ಕೆ ಬರುತ್ತದೆ. ಕೆಂಚನದು ಬೇರೆ ದಾರಿ. ನಾಲ್ಕೂವರೆಗೆ ನನ್ನ ಕೆನ್ನೆಗೆ ಪಂಜದಲ್ಲಿ ಮೆಲ್ಲಗೆ ತಟ್ಟುತ್ತಾನೆ. ಉಗುರು ಹೊರಗೆ ತೆಗೆಯುವುದಿಲ್ಲ, ಮರ್ಯಾದಸ್ಥ.

ತಂಗಿ ಮಗಳು ಬಂದು ನಾಲ್ಕು ದಿನ ಇದ್ದು, "ದೊಡ್ಡಮ್ಮ, ಬೆಕ್ಕುಗಳನ್ನು ರೂಮಿಂದ ಹೊರಗೆ ಹಾಕಿ, ಎಲ್ಲ ಸರಿಹೋಗುತ್ತದೆ" ಅಂದಳು. ನಿಜವಾ? ಹಾಕಿ ನೋಡಿದವರು ಯಾರಾದರೂ ಇದ್ದೀರಾ? ಇನ್ನೊಂದು ಹೆದರಿಕೆಯೂ ಇದೆ. ಈಚೆಗೆ ಬರೆದ ಐದು ಕತೆಗಳಲ್ಲಿ ಮೂರು ಕನಸಿನಿಂದಲೇ ಹುಟ್ಟಿದ್ದು. ನಿದ್ದೆ ಬಂದು ಕತೆ ಹೋದರೆ?

ಬೇರೆ ಕಾಯಿಲೆ ಏನೂ ಇಲ್ಲ. ಸ್ವಲ್ಪ ಉಬ್ಬಸ, ಅದಕ್ಕೆ ರಾತ್ರಿ ಒಂದು ಮಾತ್ರೆ, ಅಷ್ಟೇ.

ಮಳೆ ಲೆಕ್ಕ (ಸೋಮವಾರಪೇಟೆ):

ಅಕ್ಕಾ, ಮೊದಲು ಇದು ಹೇಳಿ. ಬರೆಯಲು ಕೂರುವಾಗ ಎಷ್ಟು ಲೋಟ ಬೆಲ್ಲದ ಕಾಫಿ? ರೋಬಸ್ಟಾದಲ್ಲಿ ನಿದ್ದೆ ಓಡಿಸುವ ಕೆಫೀನು ಅರೇಬಿಕಾ ಕಾಫಿಯ ಹೆಚ್ಚುಕಮ್ಮಿ ಎರಡು ಪಟ್ಟು. ಪೇಟೆಯವರು ಚಿಕೋರಿ ಬೆರೆಸುತ್ತಾರೆ, ಅದರಲ್ಲಿ ಕೆಫೀನೇ ಇಲ್ಲ. ನಾವು ಮನೆಯಲ್ಲಿ ಹುರಿದು ಪುಡಿ ಮಾಡಿದ್ದನ್ನು ಹಾಗೇ ಕುದಿಸಿ ಇಳಿಸುತ್ತೇವೆ. ಕುಡಿದದ್ದರಲ್ಲಿ ಅರ್ಧ ಕರಗುವುದಕ್ಕೇ ಸುಮಾರು 5 ಗಂಟೆ ಬೇಕು. ಏಳಕ್ಕೆ ಕುಡಿದರೆ ಹನ್ನೆರಡಕ್ಕೂ ಅರ್ಧ ಲೋಟ ಒಳಗೇ ಕೂತಿರುತ್ತದೆ. ಬೆಕ್ಕು ಪಾಪ ಏನು ಮಾಡಿತು?

ನಾನು ಮಳೆ ಪುಸ್ತಕದಲ್ಲಿ ಇಂಚು, ಸೆಂಟು ಬರೆಯುವ ಪಕ್ಕದಲ್ಲೇ ಒಂದು ಮಳೆಗಾಲ ಪೂರ್ತಿ ನಿದ್ದೆಯನ್ನೂ ಬರೆದಿಟ್ಟೆ. ಮೂರು ಇಂಚು ಹೊಡೆದ ರಾತ್ರಿ ಕಲ್ಲಿನ ಹಾಗೆ ಮಲಗಿದ್ದೆ. ಎಚ್ಚರ ಆಗುತ್ತಿದ್ದದ್ದು ಶೀಟಿನ ಮೇಲಿನ ಸದ್ದು ಥಟ್ಟಂತ ನಿಂತಾಗ.

ಬೂದಿಯ ಅಮ್ಮ:

ಎರಡು ಲೋಟ. ಸರಿ, ಮೂರು.

ಕಿತ್ತಳೆ ಸಿಪ್ಪೆ (ಊರು ವಿರಾಜಪೇಟೆ, ಈಗ ಬೆಂಗಳೂರು):

ಆಂಟಿ, ನನ್ನ ಹತ್ತಿರವೂ ಒಂದಿದೆ, ಪಿ.ಜಿ.ಯಲ್ಲಿ ಕದ್ದು ಸಾಕಿದ್ದೇನೆ. ನಸುಕಲ್ಲಿ ಮತ್ತು ಮುಸ್ಸಂಜೆಯಲ್ಲಿ ಬೇಟೆಯಾಡುವುದು ಬೆಕ್ಕಿನ ಹುಟ್ಟುಗುಣ, ಕೆಂಚನ ತಪ್ಪಲ್ಲ. ನಮ್ಮ ನಿದ್ದೆ ಸುಮಾರು 90 ನಿಮಿಷದ ಸುತ್ತುಗಳಲ್ಲಿ ಹೋಗುತ್ತದೆ. ಗಾಢ ಕನಸು ಬೀಳುವ ಭಾಗ ಬೆಳಗಿನ ಜಾವದ ಸುತ್ತುಗಳಲ್ಲಿ ಉದ್ದ ಇರುತ್ತದೆ. ಸರಿಯಾಗಿ ಅದರ ಮಧ್ಯೆ ಅವನು ತಟ್ಟಿದರೆ ಇಡೀ ಕನಸು ಕೈಗೆ ಸಿಗುತ್ತದೆ. ತಟ್ಟದಿದ್ದರೆ ಹೆಚ್ಚಿನದು ಮರೆತೇ ಹೋಗುತ್ತದೆ. ಒಂದು ರೀತಿಯಲ್ಲಿ ಅವನೇ ನಿಮ್ಮ ಗುಮಾಸ್ತ!

ಮಲಗುವ ಮುಂಚೆ ಹತ್ತು ನಿಮಿಷ ದಾರ ಎಳೆದು ಆಡಿಸಿ, ಆಮೇಲೆ ಊಟ ಹಾಕಿ. ನನ್ನದು ಈಗ ಆರರವರೆಗೆ ಮಲಗುತ್ತದೆ.

ಹಳೇ ಕೌಂಟರ್ (ಮಡಿಕೇರಿ):

ಎಲ್ಲರೂ ಕಾಫಿ, ಬೆಕ್ಕು ಅಂತಿದ್ದೀರಿ. ಕೊನೇ ಸಾಲು ಯಾರೂ ಓದಲಿಲ್ವಾ? ಅಮ್ಮಾ, ಆ ಉಬ್ಬಸದ ಮಾತ್ರೆಯ ಹೆಸರೇನು? ಯಾವಾಗಿನಿಂದ? ಮೂವತ್ತು ವರ್ಷ ಮೆಡಿಕಲ್ ಶಾಪಿನಲ್ಲಿ ನಿಂತವನು, ಸುಮ್ನೆ ಕೇಳುತ್ತಿಲ್ಲ.

ಬೂದಿಯ ಅಮ್ಮ:

ಕನ್ನಡಕ ಹಾಕಿಕೊಂಡು ಓದಿದೆ. ಮಾಂಟೆಲುಕಾಸ್ಟ್. ಶುರು ಮಾಡಿದ್ದು ಹೋದ ವರ್ಷದ ಹಿಂದಿನ ವರ್ಷ, ಕಕ್ಕಡ ತಿಂಗಳಲ್ಲಿ. ಅಯ್ಯೋ, ಎರಡು ವರ್ಷ ಆಯಿತಲ್ಲ!

ಹಳೇ ಕೌಂಟರ್ (ಮಡಿಕೇರಿ):

ಅದೇ ಅಂದುಕೊಂಡೆ. ಆ ಮಾತ್ರೆಯಿಂದ ಕೆಲವರಿಗೆ ನಿದ್ದೆ ಕೆಡುತ್ತದೆ, ಕೆಟ್ಟ ಕನಸು ಬೀಳುತ್ತದೆ, ಮನಸ್ಸೂ ಕುಗ್ಗುತ್ತದೆ. 2020ರಲ್ಲಿ ಅಮೆರಿಕದ ಔಷಧ ಇಲಾಖೆ ಇದನ್ನು ಔಷಧದ ಮಾಹಿತಿ ಹಾಳೆಯಲ್ಲಿ ಚೌಕಟ್ಟು ಹಾಕಿ ಎಚ್ಚರಿಸಬೇಕು ಅಂತ ಹೇಳಿತು. ಎಲ್ಲರಿಗೂ ಆಗುವುದಿಲ್ಲ. ನಿಮಗೆ ಅದರಿಂದಲೇ ಅಂತ ನಾನು ಹೇಳಲಾರೆ. ನೀವಾಗಿ ನಿಲ್ಲಿಸಬೇಡಿ, ಉಬ್ಬಸ ಏರಿದರೆ ಕನಸಿಗಿಂತ ಅಪಾಯ. ಡಾಕ್ಟರ ಹತ್ತಿರ ಕನಸಿನ ವಿಷಯ ಬಾಯಿಬಿಟ್ಟು ಹೇಳಿ. ನಮ್ಮ ಜನ ಕೆಮ್ಮು ಹೇಳುತ್ತಾರೆ, ಕನಸು ಹೇಳುವುದಿಲ್ಲ.

ಇನ್ನೊಂದು ಮಾತು, ಬೈಯಬೇಡಿ. ಮನೆಯ ಬೂಷ್ಟಿನಿಂದಲೂ ಉಬ್ಬಸ ಬರಬಹುದು, ಬೆಕ್ಕಿನಿಂದಲೂ ಬರಬಹುದು. ಅದರ ಜೊಲ್ಲಿನಲ್ಲಿ, ಚರ್ಮದಲ್ಲಿ ಒಂದು ಪ್ರೋಟೀನು ಇರುತ್ತದೆ. ಮೈ ನೆಕ್ಕಿದಾಗ ರೋಮಕ್ಕೆ ಹತ್ತಿ, ಒಣಗಿ, ಗಾಳಿಗೆ ಸೇರುತ್ತದೆ.

ಮಳೆ ಲೆಕ್ಕ (ಸೋಮವಾರಪೇಟೆ):

ಅಂದರೆ ಬೆಕ್ಕಿನಿಂದ ಉಬ್ಬಸ, ಉಬ್ಬಸಕ್ಕೆ ಮಾತ್ರೆ, ಮಾತ್ರೆಯಿಂದ ಕನಸು, ಕನಸಿಗೆ ಬೆಕ್ಕು. ಅಕ್ಕಾ, ಇದನ್ನೇ ಕತೆ ಮಾಡಿ.

ಬೂದಿಯ ಅಮ್ಮ (ಮೂರು ವಾರ ಬಿಟ್ಟು):

ಹೋಗಿ ಬಂದೆ. ಮಾತ್ರೆ ನಿಲ್ಲಿಸಿ ಬಾಯಿಗೆ ಎಳೆದುಕೊಳ್ಳುವ ಪಂಪು ಕೊಟ್ಟರು. ಹತ್ತು ದಿನದಿಂದ ಒಂದೂವರೆಯ ಎಚ್ಚರ ಇಲ್ಲ. ಸಂಜೆಯ ಕಾಫಿಯೂ ಒಂದೇ ಲೋಟಕ್ಕೆ ಇಳಿದಿದೆ, ಆದ್ದರಿಂದ ಯಾವುದಕ್ಕೆ ಯಾವುದು ಅಂತ ಆಣೆ ಮಾಡಲಾರೆ. ಕಾಫಿ ಗಿಡಗಳು ಮತ್ತೆ ಇಳಿದು ಹೋಗಿಲ್ಲ. ಅತ್ತೆ ಮಾತ್ರ ಒಂದು ಸಲ ಬಂದಿದ್ದರು, ಒಲೆ ಹಚ್ಚಿರಲಿಲ್ಲ, ಸುಮ್ನೆ ಕೂತು ಹೋದರು. ಅದನ್ನು ಎರಡು ಪುಟ ಬರೆದಿದ್ದೇನೆ. ಬೇರೆ ಏನೂ ಬರೆದಿಲ್ಲ, ನಿದ್ದೆಯಲ್ಲೇ ಪುರುಸೊತ್ತಿಲ್ಲ.

ಡಾಕ್ಟರು "ಮನೆಯಲ್ಲಿ ಬೆಕ್ಕು ಇದೆಯಾ?" ಅಂತ ಕೇಳಿದರು. "ಇವೆ" ಅಂದೆ. ಅವರು ಪೆನ್ನು ಕೆಳಗಿಟ್ಟರು. ಹಾಸಿಗೆಗೆ ಬಿಡಬೇಡಿ ಅಂದರು. ಈಗ ಮಂಚದ ಪಕ್ಕ ಕಾಫಿ ಚೀಲ ಮಡಚಿ ಹಾಕಿದ್ದೇನೆ, ಬೂದಿಗೆ. ಕೈ ಇಳಿಬಿಟ್ಟರೆ ಸಿಗುತ್ತಾಳೆ. ಕೆಂಚ ಒಪ್ಪಿಲ್ಲ. ನಾಲ್ಕೂವರೆಗೆ ಹೊರಗಿನಿಂದ ಬಾಗಿಲು ಕೆರೆಯುತ್ತಾನೆ, ಈಗ ಉಗುರು ತೆಗೆದೇ.