ಅಪ್ಪ ಅಮ್ಮನ ಜೊತೆ ರೋಮ್: ಚರ್ಚು, ಚೌಕ, ಕಾರಂಜಿ ಸುತ್ತಿದವರು ಹೇಳಿ

ಪ್ರಶ್ನೆ:
ಅಕ್ಟೋಬರ್‌ನಲ್ಲಿ ಅಪ್ಪ ಅಮ್ಮ ಮೈಸೂರಿನಿಂದ ಮ್ಯೂನಿಕ್‌ಗೆ, ನನ್ನ ಮನೆಗೆ ಬರುತ್ತಿದ್ದಾರೆ. ಮೂರ್ನಾಲ್ಕು ದಿನ ರೋಮ್‌ಗೆ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ಮ್ಯೂಸಿಯಂ ಕ್ಯೂಗಳು ಬೇಡ. ಹಳೇ ಚರ್ಚು, ಚೌಕ, ಕಾರಂಜಿ ನೋಡಿಕೊಂಡು ನಿಧಾನವಾಗಿ ಓಡಾಡಿದರೆ ಸಾಕು. ಅಮ್ಮನಿಗೆ ಮಂಡಿ ನೋವು. ಇಬ್ಬರೂ ಸಸ್ಯಾಹಾರಿಗಳು, ಮೊಟ್ಟೆಯೂ ತಿನ್ನುವುದಿಲ್ಲ. ಹೋಗಿ ಬಂದವರು ದಿನವನ್ನು ಹೇಗೆ ಹೊಂದಿಸಿಕೊಂಡಿರಿ?

ಉತ್ತರ 1:
ಮೊದಲು ಹೊತ್ತು ನೋಡಿಕೊಳ್ಳಿ. ರೋಮಿನ ಸಣ್ಣ ಚರ್ಚುಗಳು ನಮ್ಮ ದೇವಸ್ಥಾನಗಳ ಹಾಗೇ. ಮಧ್ಯಾಹ್ನ ಹನ್ನೆರಡು, ಹನ್ನೆರಡೂವರೆಗೆ ಬಾಗಿಲು ಹಾಕಿದರೆ ಮತ್ತೆ ತೆಗೆಯುವುದು ಮೂರೂವರೆ, ನಾಲ್ಕಕ್ಕೆ. ಹಾಗಾಗಿ ಬೆಳಿಗ್ಗೆ ಚರ್ಚು ನೋಡಿ. ಮಧ್ಯಾಹ್ನ ಊಟ ಮಾಡಿ ರೂಮಿನಲ್ಲಿ ಮಲಗಿ. ಸಂಜೆ ಮತ್ತೊಂದು ಚರ್ಚು, ಕತ್ತಲಾದ ಮೇಲೆ ಚೌಕಗಳು. ಹಳೇ ರೋಮನ್ ದೇವಸ್ಥಾನವೇ ಚರ್ಚಾದ ಪ್ಯಾಂಥಿಯನ್, ದೊಡ್ಡ ಚರ್ಚುಗಳಾದ ಸಂತ ಪೀಟರ್ ಬೆಸಿಲಿಕಾ, ಸಾಂತಾ ಮರಿಯಾ ಮಜ್ಜೋರೆ ಮಾತ್ರ ಸಾಮಾನ್ಯವಾಗಿ ಮಧ್ಯಾಹ್ನವೂ ತೆರೆದಿರುತ್ತವೆ.

ರೂಮನ್ನು ಪಿಯಾಜ್ಜಾ ನವೋನಾ ಚೌಕದ ಹತ್ತಿರ ಹಿಡಿಯಿರಿ. ಬಾಡಿಗೆ ಜಾಸ್ತಿ, ನಿಜ. ಆದರೆ ಮಂಡಿ ನೋವಿರುವವರಿಗೆ ಅದೇ ಉಳಿತಾಯ. ಅಲ್ಲಿಂದ ಸಾನ್ ಲುಯಿಜಿ ದೇಯ್ ಫ್ರಾಂಚೇಸಿ ಚರ್ಚು ಎರಡು ಹೆಜ್ಜೆ. ಪ್ಯಾಂಥಿಯನ್ ಕೂಡ ಹತ್ತಿರವೇ.

ಸಾನ್ ಲುಯಿಜಿಯನ್ನು ಬಿಡಲೇಬೇಡಿ. ಒಳಗೆ ಹೋಗಲು ಟಿಕೆಟ್ ಇಲ್ಲ. ಎಡಗಡೆಯ ಕೊನೆಯ ಚಾಪೆಲ್‌ನಲ್ಲಿ, ಅಂದರೆ ಪಕ್ಕದ ಸಣ್ಣ ಗುಡಿಯಲ್ಲಿ, ಚಿತ್ರಕಾರ ಕಾರವಾಜೋ ಬರೆದ, ಯೇಸುವಿನ ಶಿಷ್ಯ ಸಂತ ಮ್ಯಾಥ್ಯೂನ ಮೂರು ಚಿತ್ರಗಳಿವೆ. ಮೂಲೆ ಕತ್ತಲಾಗಿದ್ದರೆ ಪಕ್ಕದ ಡಬ್ಬಿಗೆ ನಾಣ್ಯ ಹಾಕಿ, ದೀಪ ಹತ್ತಿಕೊಳ್ಳುತ್ತದೆ. ಒಂದು ಚಿತ್ರದಲ್ಲಿ ಮೇಜಿನ ಸುತ್ತ ದುಡ್ಡು ಎಣಿಸುತ್ತಾ ಕೂತವರ ಮೇಲೆ ಬಲಗಡೆಯಿಂದ ಬೆಳಕು ಬೀಳುತ್ತದೆ. ಯೇಸು ಕೈ ಚಾಚಿ ಕರೆಯುತ್ತಿದ್ದಾನೆ. ತುದಿಯಲ್ಲಿರುವ ಹುಡುಗ ತಲೆ ಕೂಡ ಎತ್ತಿಲ್ಲ, ಕಣ್ಣೆಲ್ಲಾ ನಾಣ್ಯದ ಮೇಲೆಯೇ. ಸ್ವಲ್ಪ ಹೊತ್ತಿಗೆ ದೀಪ ಆರುತ್ತದೆ. ಚಿಲ್ಲರೆ ಇಟ್ಟುಕೊಂಡು ಹೋಗಿ.

ಉತ್ತರ 2:
ನವೋನಾದ ಮಧ್ಯದಲ್ಲಿರುವ ಕಾರಂಜಿಯ ಬಗ್ಗೆ ಅಮ್ಮನಿಗೆ ಮೊದಲೇ ಹೇಳಿಬಿಡಿ. ಶಿಲ್ಪಿ ಬರ್ನೀನಿ 1651ರಲ್ಲಿ ಮುಗಿಸಿದ ಕೆಲಸ ಅದು. ನಾಲ್ಕು ನದಿಗಳ ವಿಗ್ರಹಗಳು: ನೈಲ್, ಡ್ಯಾನ್ಯೂಬ್, ದಕ್ಷಿಣ ಅಮೆರಿಕದ ಪ್ಲಾಟಾ, ಮತ್ತೆ ನಮ್ಮ ಗಂಗೆ! ಗಡ್ಡ ಬಿಟ್ಟ ಗಂಡಸು, ಕೈಯಲ್ಲಿ ಉದ್ದನೆಯ ಹುಟ್ಟು. ನಮ್ಮಮ್ಮ ಒಪ್ಪಲೇ ಇಲ್ಲ. 'ಗಂಗಮ್ಮ ತಾಯಿ ಅಲ್ವಾ, ಗಡ್ಡ ಎಲ್ಲಿಂದ ಬಂತು' ಅಂತ ಸುತ್ತಲೂ ಓಡಾಡಿ ನೋಡಿದರು. ಯುರೋಪಿನವರು ನದಿದೇವರನ್ನು ಹೆಚ್ಚಾಗಿ ಗಂಡಾಗಿಯೇ ಕೆತ್ತುತ್ತಿದ್ದರು. ನೈಲ್‌ನ ಮುಖಕ್ಕೆ ಬಟ್ಟೆ ಮುಚ್ಚಿದೆ, ಆ ನದಿಯ ಮೂಲ ಆಗ ಗೊತ್ತಿರಲಿಲ್ಲ.

ಎದುರಿನ ಚರ್ಚು ಬೀಳುತ್ತದೆ ಅಂತ ಹೆದರಿ ಪ್ಲಾಟಾ ಕೈ ಎತ್ತಿದೆ ಎಂದು ಗೈಡ್‌ಗಳು ಹೇಳುತ್ತಾರೆ. ನಂಬಬೇಡಿ. ಎದುರಿನ ಆ ಸಾಂತ್ ಆನ್ಯೇಸೆ ಚರ್ಚಿನ ಕೆಲಸ ಶುರುವಾಗಿದ್ದೇ 1652ರಲ್ಲಿ.

ಚೌಕ ಉದ್ದಕ್ಕಿದ್ದು ಒಂದು ತುದಿ ದುಂಡಗಿದೆ. ಕೆಳಗೆ ಡೊಮಿಷಿಯನ್ ಚಕ್ರವರ್ತಿಯ ಕ್ರೀಡಾಂಗಣ ಇತ್ತು, ಅದರ ಆಕಾರ ಹಾಗೇ ಉಳಿದುಕೊಂಡಿದೆ. ಕೂರಲು ಕಲ್ಲಿನ ಬೆಂಚುಗಳಿವೆ. ಸಂಜೆ ಅಲ್ಲೇ ಕೂತುಬಿಡಿ.

ಟ್ರೇವಿ ಕಾರಂಜಿಗೆ ಬೆಳಿಗ್ಗೆ ಬೇಗ ಹೋಗಿ. ಹಗಲಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನೀರಿನ ಅಂಚಿಗೆ ಮೆಟ್ಟಿಲು ಇಳಿಯಬೇಕು, ಆದರೆ ಮೇಲಿನಿಂದ ನೋಡಿದರೂ ಚೆನ್ನಾಗೇ ಕಾಣುತ್ತದೆ. ಕಾರಂಜಿ ಮುಗಿದದ್ದು 1762ರಲ್ಲಿ. ನೀರು ಬರುವುದು ಮಾತ್ರ ಕ್ರಿ.ಪೂ. 19ರಲ್ಲಿ ರೋಮನ್ ಸೇನಾನಿ ಅಗ್ರಿಪ್ಪ ಕಟ್ಟಿಸಿದ ಕಾಲುವೆಯ ದಾರಿಯಿಂದ. ಸ್ಪ್ಯಾನಿಷ್ ಮೆಟ್ಟಿಲುಗಳ ಬುಡದಲ್ಲಿರುವ ದೋಣಿ ಕಾರಂಜಿಗೂ ಅದೇ ನೀರು. ಅಲ್ಲಿ ಒತ್ತಡ ಕಡಿಮೆ ಅಂತ ಕಾರಂಜಿಯನ್ನು ನೆಲಮಟ್ಟಕ್ಕಿಂತ ಕೆಳಗೆ ಕಟ್ಟಿದ್ದಾರೆ. ಆ ಮೆಟ್ಟಿಲ ಮೇಲೆ ಕೂತರೆ ದಂಡ ಹಾಕುತ್ತಾರೆ, ಅಮ್ಮನಿಗೆ ಹೇಳಿಡಿ.

ಉತ್ತರ 3:
ಊಟದ ವಿಷಯ. ಪಿಜ್ಜಾ ಮರಿನಾರಾದಲ್ಲಿ ಟೊಮೆಟೊ, ಬೆಳ್ಳುಳ್ಳಿ, ಎಣ್ಣೆ ಅಷ್ಟೇ. ತೂಕ ಹಾಕಿ ಕೊಡುವ ಆಲೂಗಡ್ಡೆ ಪಿಜ್ಜಾ ಕೂಡ ರುಚಿ. ಅನ್ನದ ಉಂಡೆ ಕರಿದ ಸುಪ್ಪ್ಲಿ ನೋಡಿ ಮೋಸ ಹೋಗಬೇಡಿ, ಸಾಮಾನ್ಯವಾಗಿ ಮಾಂಸದ ಸಾಸ್ ಸೇರಿಸಿರುತ್ತಾರೆ. ಪಾಸ್ತಾ ಒಣಗಿಸಿದ್ದಲ್ಲದೆ ತಾಜಾ ಮಾಡಿದ್ದಾದರೆ ಮೊಟ್ಟೆ ಇರಬಹುದು, ಕೇಳಿಯೇ ತಗೊಳ್ಳಿ. ಪೆಕೊರಿನೊ ಚೀಸ್‌ಗೆ ಹಾಲು ಹೆಪ್ಪುಗಟ್ಟಿಸಲು ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಅಷ್ಟು ಕಟ್ಟುನಿಟ್ಟಾಗಿದ್ದರೆ ಅದನ್ನೂ ಬಿಡಬೇಕು. ಕಾಫಿ ನಿಂತು ಕುಡಿದರೆ ಅಗ್ಗ, ಕೂತರೆ ಬೆಲೆ ಬೇರೆ.

ನೀರು ಕೊಳ್ಳಬೇಡಿ. ಬೀದಿ ಬೀದಿಗೂ ನಸೋನೆ ಅನ್ನುವ ಕಬ್ಬಿಣದ ನಲ್ಲಿಗಳಿವೆ. ಕುಡಿಯುವ ನೀರೇ, ತಣ್ಣಗೆ ಹರಿಯುತ್ತಿರುತ್ತದೆ. ಮೂತಿಯನ್ನು ಬೆರಳಿನಿಂದ ಒತ್ತಿ ಹಿಡಿದರೆ ಮೇಲಿನ ಸಣ್ಣ ತೂತಿನಿಂದ ನೀರು ಚಿಮ್ಮುತ್ತದೆ. ಬಗ್ಗದೆ ಕುಡಿಯಬಹುದು, ಹಿರಿಯರಿಗೆ ಅನುಕೂಲ.

ರಸ್ತೆಯೆಲ್ಲಾ ಸಣ್ಣ ಕಪ್ಪು ಕಲ್ಲು ಜೋಡಿಸಿದ್ದು, ಸಂದುಗಳು ಜಾಸ್ತಿ. ಚಪ್ಪಲಿ ಬೇಡ, ದಪ್ಪ ಅಟ್ಟೆಯ ಶೂ ಹಾಕಿಸಿ.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರ ಆಯ್ತು. ಅಪ್ಪನಿಗೆ ಸಂತ ಪೀಟರ್ ಚೌಕ ನೋಡಲೇಬೇಕಂತೆ. ಯಾವ ದಿನ ಒಳ್ಳೆಯದು? ಅಮ್ಮನ ಸೀರೆಗೆ ತೊಂದರೆ ಇಲ್ಲ ತಾನೆ?

ಉತ್ತರ 1:
ಬುಧವಾರ ಬೆಳಿಗ್ಗೆ ಬಿಟ್ಟು ಯಾವತ್ತಾದರೂ ಹೋಗಿ. ಪೋಪ್ ಊರಲ್ಲಿದ್ದರೆ ಅವತ್ತು ಚೌಕದಲ್ಲಿ ಸಭೆ ಇರುತ್ತದೆ, ಬೆಸಿಲಿಕಾ ಒಳಗೆ ಬಿಡುವುದಿಲ್ಲ. ಉಳಿದ ದಿನ ಬೆಳಿಗ್ಗೆ ಏಳಕ್ಕೆ ಹೋದರೆ ತಪಾಸಣೆಯ ಸಾಲು ಚಿಕ್ಕದು. ಚೌಕದ ಸುತ್ತ ಬರ್ನೀನಿಯ ಕಂಬಸಾಲುಗಳಿವೆ, ನಾಲ್ಕು ನಾಲ್ಕು ಕಂಬಗಳ ಸಾಲು. ಕಾರಂಜಿಗೂ ನಡುವಿನ ಕಲ್ಲುಕಂಬಕ್ಕೂ ಮಧ್ಯೆ ನೆಲದಲ್ಲಿ ಒಂದು ದುಂಡನೆಯ ಕಲ್ಲಿದೆ. ಅಪ್ಪನನ್ನು ಅದರ ಮೇಲೆ ನಿಲ್ಲಿಸಿ. ನಾಲ್ಕು ಕಂಬವೂ ಒಂದರ ಹಿಂದೆ ಒಂದು ಸೇರಿ ಒಂದೇ ಸಾಲಾಗಿ ಕಾಣುತ್ತದೆ. ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಮತ್ತೆ ಬಿಚ್ಚಿಕೊಳ್ಳುತ್ತದೆ.

ಸೀರೆಗೆ ಏನೂ ತೊಂದರೆ ಇಲ್ಲ. ಭುಜ, ಮಂಡಿ ಮುಚ್ಚಿದ್ದರೆ ಆಯ್ತು. ಅಪ್ಪ ಚಡ್ಡಿ ಬಿಟ್ಟು ಪ್ಯಾಂಟ್ ಹಾಕಲಿ.