ಪ್ರಶ್ನೋತ್ತರ: ಡಿಜಿಟಲ್ ಚಿತ್ರಗಾರರ ಮೇಜು, ಕುರ್ಚಿ, ಕೈನೋವು

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಗುಂಪಿನಲ್ಲಿ ಕುತ್ತಿಗೆ ನೋವು, ಮಣಿಕಟ್ಟು ನೋವಿನ ಗೋಳು ಜಾಸ್ತಿಯಾಗಿದೆ. ಅದಕ್ಕೆ ಇವತ್ತು ಒಬ್ಬರು ಫಿಸಿಯೋಥೆರಪಿಸ್ಟ್ ನಮ್ಮ ಜೊತೆ ಇದ್ದಾರೆ. ಒಬ್ಬರಿಗೆ ಒಂದು ಪ್ರಶ್ನೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಫಿಸಿಯೋ ಮೇಡಂ: ನಮಸ್ಕಾರ. ಯಾವ ಕೈ, ಯಾವ ಬೆರಳು, ಎಷ್ಟು ದಿನದಿಂದ, ದಿನಕ್ಕೆ ಎಷ್ಟು ಗಂಟೆ ಕೆಲಸ, ಇಷ್ಟು ಬರೆದು ಕೇಳಿ. ‘ಕೈ ನೋವು, ಏನು ಮಾಡಲಿ’ ಅಂದರೆ ನನಗೂ ಏನೂ ಗೊತ್ತಾಗಲ್ಲ.

ಪಿಕ್ಸೆಲ್ ಪುಟ್ಟ: ಮೇಡಂ, ಹತ್ತು ಸಾವಿರದ ಒಳಗೆ ಯಾವ ಕುರ್ಚಿ ತಗೊಳ್ಳಲಿ?

ಫಿಸಿಯೋ ಮೇಡಂ: ಕಂಪನಿ ಹೆಸರು ಹೇಳುವುದಿಲ್ಲ. ಎತ್ತರ ಏರಿಸಿ ಇಳಿಸಲು ಬರಬೇಕು. ಸೊಂಟಕ್ಕೆ ಆಸರೆ ಇರಬೇಕು. ಕೈ ಇಡುವ ಹಿಡಿಗಳು ಮೇಜಿಗೆ ಅಡ್ಡ ಬರಬಾರದು. ಅಂಗಡಿಗೆ ಹೋಗಿ ಹತ್ತು ನಿಮಿಷ ಕೂತು ನೋಡಿ.

ಮೈಸೂರು ಮಸಿ: ಮೇಡಂ, ನಾನು ಐದಡಿ ಎತ್ತರ. ಊಟದ ಮೇಜಿನ ಮೇಲೆ ಟ್ಯಾಬ್ಲೆಟ್ ಇಟ್ಟು ಕೆಲಸ. ಪರದೆ ಇಲ್ಲದ, ಕಪ್ಪು ಹಲಗೆ ತರಹದ ಟ್ಯಾಬ್ಲೆಟ್. ಎರಡು ಗಂಟೆ ಆಗುತ್ತಿದ್ದ ಹಾಗೆ ಬಲ ಭುಜ ಉರಿಯುತ್ತದೆ. ಆರು ತಿಂಗಳಿಂದ ಹೀಗೇ.

ಫಿಸಿಯೋ ಮೇಡಂ: ನೋಡಿ, ಹೀಗೆ ಕೇಳಬೇಕು. ನಮ್ಮ ಊಟದ ಮೇಜುಗಳು ಸಾಮಾನ್ಯವಾಗಿ 75 ಸೆಂಟಿಮೀಟರ್ ಎತ್ತರ ಇರುತ್ತವೆ. ಐದಡಿಯವರಿಗೆ ಅದು ಜಾಸ್ತಿ. ಭುಜ ಸಡಿಲ ಬಿಟ್ಟು, ಮೊಣಕೈ ಮೈಗೆ ಹತ್ತಿರ ಇಟ್ಟು, ಮಡಚಿ ಕೂತುಕೊಳ್ಳಿ. ನೆಲದಿಂದ ಮೊಣಕೈವರೆಗೆ ಟೇಪಿನಲ್ಲಿ ಅಳೆಯಿರಿ. ಟ್ಯಾಬ್ಲೆಟ್ ಆ ಎತ್ತರಕ್ಕೆ ಇರಬೇಕು, ಇಲ್ಲವೇ ಒಂದು ಬೆರಳಿನಷ್ಟು ಕೆಳಗೆ. ನಿಮ್ಮ ಲೆಕ್ಕದಲ್ಲಿ ಮೇಜು ಏಳೆಂಟು ಸೆಂಟಿಮೀಟರ್ ಮೇಲಿರಬಹುದು. ಅಂದರೆ ಗೆರೆ ಎಳೆಯುವಷ್ಟು ಹೊತ್ತೂ ಭುಜ ಎತ್ತಿ ಹಿಡಿದಿರುತ್ತೀರಿ. ಎರಡು ಗಂಟೆ ಕೊಡ ಎತ್ತಿ ನಿಂತ ಹಾಗೆ. ಮೇಜಿನ ಕಾಲು ಕೊಯ್ಯಲು ಮನೆಯವರು ಬಿಡಲ್ಲ. ಕುರ್ಚಿ ಮೇಲೆ ಗಟ್ಟಿ ದಿಂಬು ಹಾಕಿ ಎತ್ತರಿಸಿ, ಕಾಲ ಕೆಳಗೆ ಊಟದ ಮಣೆ ಇಡಿ. ಕಾಲು ತೂಗಾಡಬಾರದು. ಮಾನಿಟರ್ ಒಂದು ತೋಳಿನ ದೂರದಲ್ಲಿ, ಅದರ ಮೇಲಂಚು ಕಣ್ಣಿನ ಮಟ್ಟಕ್ಕೆ ಬರಲಿ. ಲ್ಯಾಪ್‌ಟಾಪ್ ಆದರೆ ಪುಸ್ತಕದ ಅಟ್ಟಿ ಮೇಲೆ ಇಟ್ಟು, ಬೇರೆ ಕೀಬೋರ್ಡ್ ಹಾಕಿ.

ಮೈಸೂರು ಮಸಿ: ಅಳೆದೆ ಮೇಡಂ. 64! ಮಣೆ ಹುಡುಕುತ್ತಿದ್ದೇನೆ.

ಕರಾವಳಿ ಕುಂಚ: ಪರದೆ ಇರುವ ಟ್ಯಾಬ್ಲೆಟ್ ತಗೊಂಡರೆ ಈ ತಾಪತ್ರಯವೇ ಇಲ್ಲ. ಸಿಂಟಿಕ್‌ನಂಥ ಪರದೆ ಟ್ಯಾಬ್ಲೆಟ್ ಬಂದ ಮೇಲೂ ಜನ ಕಪ್ಪು ಹಲಗೆ ಮೇಲೆ ಯಾಕೆ ಒದ್ದಾಡುತ್ತಾರೋ.

ಗೆರೆಗಾರ: ನಿಮ್ಮ ಸಿಂಟಿಕ್ ದುಡ್ಡಲ್ಲಿ ನಾನು ಸ್ಕೂಟರ್ ತಗೊಂಡೆ ಅಣ್ಣ. ಕುತ್ತಿಗೆಯೂ ಉಳಿಯಿತು.

ಕರಾವಳಿ ಕುಂಚ: ಕುತ್ತಿಗೆ ಉಳಿಯಿತು, ಗೆರೆ ಉಳಿಯಿತಾ? ಕೈ ಒಂದು ಕಡೆ, ಕಣ್ಣು ಒಂದು ಕಡೆ.

ಫಿಸಿಯೋ ಮೇಡಂ: ಕುತ್ತಿಗೆ ಮಟ್ಟಿಗೆ ಹೇಳುವುದಾದರೆ ಕಪ್ಪು ಹಲಗೆಯೇ ವಾಸಿ. ನೋಟ ಎದುರಿಗೆ ಇರುತ್ತದೆ. ಪರದೆ ಇರುವುದರಲ್ಲಿ ಕಣ್ಣು, ಕೈ ಎರಡೂ ಒಂದೇ ಜಾಗಕ್ಕೆ ಬೇಕು. ಕೆಳಗಿಟ್ಟರೆ ಕುತ್ತಿಗೆ ಬಾಗುತ್ತದೆ, ಮೇಲಿಟ್ಟರೆ ಭುಜ ಸೋಲುತ್ತದೆ. ತಲೆ ಐದು ಕಿಲೋ ಹತ್ತಿರ ತೂಗುತ್ತದೆ, ಅದು ಮುಂದೆ ಬಾಗಿದಷ್ಟೂ ಹಿಂದಿನ ಸ್ನಾಯುಗಳು ಎಳೆದು ಹಿಡಿಯಬೇಕು. ನಿಮ್ಮದನ್ನು ಚಪ್ಪಟೆ ಮಲಗಿಸಬೇಡಿ, ಓರೆಯಾಗಿ ನಿಲ್ಲಿಸಿ, ಮುಂಗೈಗೆ ಆಸರೆ ಕೊಡಿ. ಸಣ್ಣ ಕೆಲಸಕ್ಕೆ ಮೂಗು ಹತ್ತಿರ ತರುವ ಬದಲು ಜೂಮ್ ಮಾಡಿ.

ಗಿರ್ಮಿಟ್: ಮೇಡಂ, ನಾನು ಹುಬ್ಬಳ್ಳಿಯವಳು, 27 ವರ್ಷ. ಮಕ್ಕಳ ಪುಸ್ತಕಕ್ಕೆ ಚಿತ್ರ ಮಾಡತೀನಿ, ದಿನಕ್ಕೆ ಹತ್ತು ತಾಸು. ಬಲಗೈಲೆ ಬರೀತೀನಿ, ಅದು ಆರಾಮ ಐತಿ. ತ್ರಾಸು ಎಡಗೈದು. ಕಿರುಬೆರಳು, ಅದರ ಬಾಜೂ ಬೆರಳು ಮೂರು ತಿಂಗಳಿಂದ ಜೋಮು ಹಿಡೀತಾವ. ಈಗೀಗ ಚಹಾದ ಕಪ್ಪು ಜಾರತದ. ಎಡಗೈಲೆ ಏನೂ ಬರಿಯೂದಿಲ್ಲ, ಅದಕ್ಕ ಲಕ್ಷ್ಯ ಕೊಟ್ಟಿರಲಿಲ್ಲ. ಯಾವ ಬೆಲ್ಟ್ ಹಾಕಲಿ?

ಆರೋಗ್ಯ ಭಾಗ್ಯ: ತಂಗಿ, ಉಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಬಿಸಿ ಬಿಸಿ ಶಾಖ ಕೊಡು. ಮೂರೇ ದಿನ. ಜೊತೆಗೆ ಬಿ-ಕಾಂಪ್ಲೆಕ್ಸ್ ದಿನಕ್ಕೆ ಮೂರು. ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಬಂದಿದ್ದು, ನೂರಾರು ಜನಕ್ಕೆ ವಾಸಿಯಾಗಿದೆ.

ಫಿಸಿಯೋ ಮೇಡಂ: ಗಿರ್ಮಿಟ್, ಉಪ್ಪಿನ ಶಾಖ ಬೇಡವೇ ಬೇಡ. ಸ್ಪರ್ಶ ಗೊತ್ತಾಗದ ಬೆರಳಿಗೆ ಬಿಸಿಯೂ ಗೊತ್ತಾಗಲ್ಲ. ಬೊಬ್ಬೆ ಎದ್ದ ಮೇಲೆ ನನ್ನ ಹತ್ತಿರ ಬಂದವರು ಇದ್ದಾರೆ. ಬಿ-ಕಾಂಪ್ಲೆಕ್ಸ್‌ನಲ್ಲಿರುವ ಬಿ-6 ವಿಟಮಿನ್ ತಿಂಗಳುಗಟ್ಟಲೆ ಜಾಸ್ತಿ ತಿಂದರೆ ಆ ವಿಟಮಿನ್ನೇ ನರಗಳನ್ನು ಕೆಡಿಸುತ್ತದೆ. ಬೆಲ್ಟ್ ವಿಷಯ ಆಮೇಲೆ. ಮೊದಲು ಇಷ್ಟು ಹೇಳಿ. ಎಡ ಮೊಣಕೈ ಎಲ್ಲಿ ಊರುತ್ತೀರಿ? ಮಲಗುವಾಗ ಕೈ ಹೇಗಿರುತ್ತದೆ? ಕುತ್ತಿಗೆಯಿಂದ ಕೈಗೆ ನೋವು ಇಳಿಯುತ್ತದೆಯೇ? ಸಕ್ಕರೆ ಕಾಯಿಲೆ ಇದೆಯೇ? ಎರಡೂ ಕೈ ಎದುರಿಗೆ ಹಿಡಿದು, ಹೆಬ್ಬೆರಳು ತೋರುಬೆರಳ ನಡುವಿನ ಜಾಗ ನೋಡಿ. ಎಡಗಡೆ ತಗ್ಗಾಗಿದೆಯೇ?

ಗೇಮರ್ ಗುಂಡ: ಮೇಡಂ ಗೇಮಿಂಗ್ ಚೇರ್ ಒಳ್ಳೇದಾ?

ಫಿಸಿಯೋ ಮೇಡಂ: ಕುರ್ಚಿ ಬಗ್ಗೆ ಮೇಲೆ ಹೇಳಿದ್ದೇನೆ.

ಡ್ರಾಯಿಂಗ್ ಮೇಷ್ಟ್ರು: ತಾಯಿ, ನಾನು ಮೂವತ್ತು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ನಮ್ಮ ಮೈಸೂರು ಶೈಲಿಯ ಚಿತ್ರಗಾರರು ನೆಲದ ಮೇಲೆ ಕೂತು, ಹಲಗೆ ಓರೆ ಇಟ್ಟು, ಅಳಿಲಿನ ಕೂದಲಿನ ಕುಂಚ ಹಿಡಿದು ಬರೆದರು. ಅವರಿಗೆ ಕುರ್ಚಿ ಎಲ್ಲಿತ್ತು? ಈಗ ನಾನು ಐಪ್ಯಾಡನ್ನು ಅಪ್ಪನ ಕಾಲದ ವ್ಯಾಸಪೀಠದ ಮೇಲಿಟ್ಟು ಚಿತ್ರ ಬಿಡಿಸುತ್ತೇನೆ. ಒಂದೇ ಕಷ್ಟ. ಕನ್ನಡಕದ ಕೆಳಭಾಗದಿಂದ ನೋಡಲು ಗಲ್ಲ ಎತ್ತಬೇಕು. ಕತ್ತು ಹಿಡಿಯುತ್ತದೆ.

ಗೆರೆಗಾರ: ಮೇಷ್ಟ್ರೇ, ಅವರು ಬೆಳಕು ಇರುವಷ್ಟು ಹೊತ್ತು ಬರೆಯುತ್ತಿದ್ದರು. ನಾವು ರಾತ್ರಿ ಎರಡು ಗಂಟೆಗೆ ಕ್ಲೈಂಟ್ ಹೇಳಿದ ಏಳನೇ ತಿದ್ದುಪಡಿ ಮಾಡುತ್ತೇವೆ. ಬಣ್ಣ ಅರೆಯಲು, ಗೆಸ್ಸೋ ಕಲಸಲು ಎದ್ದು ಓಡಾಡುವ ಕೆಲಸವೂ ಅವರಿಗಿತ್ತು.

ಡ್ರಾಯಿಂಗ್ ಮೇಷ್ಟ್ರು: ಓಡಾಟ ಬೇಡ ಅಂದವರು ಯಾರು? ನಿಮ್ಮ ತಲೆಮಾರಿಗೆ ಚಕ್ಕಳಮಕ್ಕಳ ಹಾಕಿ ಕೂರಲು ಬರಲ್ಲ ಅನ್ನಿ.

ಗೆರೆಗಾರ: ಕೂರಲು ಬರುತ್ತೆ ಮೇಷ್ಟ್ರೇ, ಪೆನ್ಶನ್ ಬರಲ್ಲ.

ಫಿಸಿಯೋ ಮೇಡಂ: ಗೆರೆಗಾರ, ಹಿರಿಯರ ಹತ್ತಿರ ಆ ಮಾತು ಬೇಕಿರಲಿಲ್ಲ. ಆದರೆ ಎದ್ದು ಓಡಾಡುವ ಬಗ್ಗೆ ನೀವು ಹೇಳಿದ್ದು ಸರಿ. ಎಷ್ಟು ನೇರ ಕೂತರೂ ನಾಲ್ಕು ಗಂಟೆ ಅಲ್ಲಾಡದೆ ಕೂತರೆ ಕೆಟ್ಟದ್ದೇ. ಮೇಷ್ಟ್ರೇ, ವ್ಯಾಸಪೀಠ ಕೇಳಿ ಖುಷಿಯಾಯಿತು, ಅದರ ಓರೆ ಬಹಳ ಚೆನ್ನ. ಮಂಡಿ ಒಪ್ಪಿದರೆ ನೆಲದ ಮೇಲೂ ಕೂರಬಹುದು, ಪೃಷ್ಠದ ಕೆಳಗೆ ಮಡಚಿದ ಜಮಖಾನೆ ಹಾಕಿ. ಕತ್ತು ನೋವಿಗೆ ಕಾರಣ ಕನ್ನಡಕ. ನೀವು ಕೆಲಸ ಮಾಡುವ ದೂರ ಅಳೆದುಕೊಂಡು ಹೋಗಿ, ಆ ದೂರಕ್ಕೇ ಒಂದೇ ನಂಬರಿನ ಬೇರೆ ಕನ್ನಡಕ ಮಾಡಿಸಿ.

ಬೆಂಗಳೂರು ಬ್ರಷ್: ನಿಂತು ಕೆಲಸ ಮಾಡುವ ಮೇಜು ತಗೊಂಡರೆ ಹೇಗೆ? ಆಫೀಸಿನಲ್ಲಿ ಕೊಡುತ್ತಾರಂತೆ.

ಗಿರ್ಮಿಟ್: ಮೇಡಂ, ನೋಡಿದೆ. ಮೊಣಕೈ ಗಾಜಿನ ಮೇಜಿನ ಅಂಚಿಗೆ ಊರತೀನಿ. ಆ ಕೈಲೆ ಇಡೀ ದಿನ ತಪ್ಪು ಗೆರಿ ಹಿಂದ ತಗೀಲಿಕ್ಕೆ ಕಂಟ್ರೋಲ್-ಝಡ್ ಒತ್ತೂದು. ಮಲಗೂ ಮುಂದ ಕೈ ಮಡಚಿ ತಲೆ ಬುಡಕ ಇಟ್ಕೋತೀನಿ. ಕುತ್ತಿಗೆ ನೋವಿಲ್ಲ, ಸಕ್ಕರೆ ಇಲ್ಲ. ಆ ತಗ್ಗು ಅಂದ್ರಲ್ಲ, ಹೌದ್ರಿ, ಎಡಗಡೆ ಕಾಣತದ. ಅವ್ವನೂ ನೋಡಿ ಹೌದು ಅಂದ್ಲು.

ಫಿಸಿಯೋ ಮೇಡಂ: ಒಂದು ಕಾಗದದ ಚೀಟಿಯನ್ನು ಹೆಬ್ಬೆರಳು ಮತ್ತು ತೋರುಬೆರಳ ಪಕ್ಕದ ನಡುವೆ ಬೀಗದ ಕೈ ಹಿಡಿದ ಹಾಗೆ ಹಿಡಿಯಿರಿ. ಅವ್ವ ಎಳೆಯಲಿ. ಹೆಬ್ಬೆರಳ ತುದಿಗಂಟು ಮಡಚಿಕೊಳ್ಳುತ್ತದೆಯೇ? ಎರಡೂ ಕೈ ನೋಡಿ.

ಗಿರ್ಮಿಟ್: ಬಲಗೈ ನೆಟ್ಟಗ ಇರತದ. ಎಡಗೈ ಹೆಬ್ಬೆರಳು ಮಡಚತದ. ಕಾಗದ ಜಾರತದ.

ಫಿಸಿಯೋ ಮೇಡಂ: ಸರಿ, ಸಮಾಧಾನವಾಗಿ ಓದಿ. ಮೊಣಕೈ ಬಾಗಿಲಿಗೆ ತಗುಲಿದರೆ ಕಿರುಬೆರಳವರೆಗೆ ಶಾಕ್ ಹೊಡೆಯುತ್ತದಲ್ಲ, ಅದು ಅಲ್ನಾರ್ ನರ. ಮೊಣಕೈ ಒಳಗಿನ ಗುಬುಟು ಹಿಂದೆ, ಚರ್ಮದ ಕೆಳಗೇ ಹಾದು ಹೋಗುತ್ತದೆ. ಮೊಣಕೈ ಮಡಚಿದರೆ ನರ ಎಳೆಯುತ್ತದೆ, ಅಂಚಿಗೆ ಊರಿದರೆ ಒತ್ತುತ್ತದೆ. ನೀವು ಹಗಲು ಒತ್ತುತ್ತೀರಿ, ರಾತ್ರಿ ಎಳೆಯುತ್ತೀರಿ. ಚಿತ್ರಗಾರರು ಪೆನ್ನು ಹಿಡಿಯುವ ಕೈಯನ್ನೇ ನೋಡುತ್ತಾರೆ, ಕೀಬೋರ್ಡ್ ಕೈಯನ್ನು ಯಾರೂ ಕೇಳಲ್ಲ.

ಬರೀ ಜೋಮಾಗಿದ್ದರೆ ಮೇಜು ಸರಿ ಮಾಡಿ ಕಾಯೋಣ ಅನ್ನುತ್ತಿದ್ದೆ. ಆ ತಗ್ಗು ಅಂದರೆ ಮಾಂಸ ಕರಗಿದೆ, ಕಾಗದ ಜಾರಿತು ಅಂದರೆ ಹಿಡಿತ ಸೋತಿದೆ. ಇದಕ್ಕೆ ಕಾಯುವ ಹಾಗಿಲ್ಲ. ಕರಗಿದ ಸ್ನಾಯು ತಡವಾದರೆ ಪೂರ್ತಿ ಮರಳಿ ಬರದೇ ಹೋಗಬಹುದು. ಈ ವಾರವೇ ನರರೋಗ ತಜ್ಞರನ್ನೋ ಕೈ ನೋಡುವ ಮೂಳೆ ತಜ್ಞರನ್ನೋ ಕಾಣಿ. ನರದಲ್ಲಿ ಕರೆಂಟು ಎಷ್ಟು ವೇಗವಾಗಿ ಓಡುತ್ತದೆ ಅಂತ ನೋಡುವ ಪರೀಕ್ಷೆ ಮಾಡುತ್ತಾರೆ. ತೊಂದರೆ ಮೊಣಕೈಯಲ್ಲೋ ಕುತ್ತಿಗೆಯಲ್ಲೋ ಅನ್ನುವುದಕ್ಕೆ ಅದು ಸಹಾಯ ಮಾಡುತ್ತದೆ.

ಇನ್ನೊಂದು ಮಾತು. ಕೈ ಮೇಲೋ ಮೈ ಮೇಲೋ ಬಣ್ಣ ಕಡಿಮೆಯಾದ, ಮುಟ್ಟಿದರೆ ಗೊತ್ತಾಗದ ಮಚ್ಚೆ ಇದೆಯೇ ನೋಡಿಕೊಳ್ಳಿ. ಮೊಣಕೈ ಹತ್ತಿರ ನರ ಹಗ್ಗದ ಹಾಗೆ ದಪ್ಪ ಸಿಗುತ್ತದೆಯೇ ಅಂತ ವೈದ್ಯರು ನೋಡಲಿ. ನಮ್ಮ ದೇಶದಲ್ಲಿ ಈ ನರ ಕೆಟ್ಟರೆ ಕುಷ್ಠರೋಗವನ್ನೂ ನೆನಪಿಡಬೇಕು. ನಿಮಗೆ ಅದೇ ಇದೆ ಅಂತ ಅಲ್ಲ. ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲು ಹೇಳಿದೆ.

ಆರೋಗ್ಯ ಭಾಗ್ಯ: ಏನ್ರೀ ಇದು! ಮದುವೆ ವಯಸ್ಸಿನ ಹುಡುಗಿಗೆ ಎಲ್ಲರ ಮುಂದೆ ಇಂಥ ಮಾತಾ? ನಾನು ಹೇಳಿದ ಉಪ್ಪಿನ ಶಾಖಕ್ಕೆ ಹೆದರಿಸಿದಿರಿ, ನೀವು ಹೇಳುವುದು ಇದಾ?

ಕರಾವಳಿ ಕುಂಚ: ಮೇಡಂ, ಅದನ್ನು ಖಾಸಗಿಯಾಗಿ ಹೇಳಬಹುದಿತ್ತು ಅಲ್ವಾ?

ಫಿಸಿಯೋ ಮೇಡಂ: ಇದರಲ್ಲಿ ನಾಚಿಕೆ ಪಡುವಂಥದ್ದು ಏನಿದೆ? ಅದು ರೋಗಾಣುವಿನಿಂದ ಬರುವ ಕಾಯಿಲೆ. ಮಾತ್ರೆಯಿಂದ ವಾಸಿಯಾಗುತ್ತದೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಹೆಸರು ಹೇಳಲು ಅಂಜಿ ಅಂಜಿಯೇ ಜನರ ಕೈ ಮುರುಟುತ್ತದೆ. ಇಲ್ಲಿ ಹೇಳಿದರೆ ಇದನ್ನು ಓದುವ ಇನ್ನೊಬ್ಬರಿಗೂ ಗೊತ್ತಾಗುತ್ತದೆ.

ಗಿರ್ಮಿಟ್: ನನಗ ಬ್ಯಾಸರ ಇಲ್ಲರಿ. ಮಚ್ಚೆ ಯಾವೂ ಇಲ್ಲ. ಆದರ ಹದಿನೈದು ದಿನದಾಗ ಪುಸ್ತಕ ಕೊಡಬೇಕು. ಮುಗಿಸಿ ತೋರಿಸಲೇನು?

ಫಿಸಿಯೋ ಮೇಡಂ: ಬೇಡ. ತೋರಿಸಿ, ಆಮೇಲೆ ಮುಗಿಸಿ. ಅಲ್ಲಿಯವರೆಗೆ ಎಡ ಮೊಣಕೈ ಮೇಜಿಗೆ ತಾಗಿಸಬೇಡಿ. ಕಂಟ್ರೋಲ್-ಝಡ್ ಕೆಲಸವನ್ನು ಪೆನ್ನಿನ ಬಟನ್‌ಗೆ ಹಾಕಿಕೊಳ್ಳಿ. ಬೇರೆ ಶಾರ್ಟ್‌ಕಟ್ ಬೇಕಾದರೆ ಸಣ್ಣ ಕೀಬೋರ್ಡ್ ತೊಡೆ ಮೇಲೆ ಇರಲಿ, ತೋಳು ಮಡಚುವುದು ಕಡಿಮೆಯಾಗುತ್ತದೆ. ಫೋನಿಗೆ ಇಯರ್‌ಫೋನ್. ರಾತ್ರಿ ಮೊಣಕೈಗೆ ಟವೆಲ್ ಸಡಿಲವಾಗಿ ಸುತ್ತಿ, ಪೂರ್ತಿ ಮಡಚಲು ಬರಬಾರದು. ಬಿಗಿ ಬೆಲ್ಟ್ ಬೇಡ.

ಪಿಕ್ಸೆಲ್ ಪುಟ್ಟ: ಮೇಡಂ ಕುರ್ಚಿಗೆ ಹೆಡ್‌ರೆಸ್ಟ್ ಬೇಕಾ?

ಚುಕ್ಕಿ ರಂಗೋಲಿ: ನನಗೂ ಜೋಮು, ಆದರೆ ಹೆಬ್ಬೆರಳು, ತೋರುಬೆರಳು, ನಡುಬೆರಳು. ಬಲಗೈ. ರಾತ್ರಿ ಎಚ್ಚರವಾಗಿ ಕೈ ಕೊಡವಬೇಕು. ಏಳು ತಿಂಗಳ ಬಸುರಿ.

ಫಿಸಿಯೋ ಮೇಡಂ: ಇದು ಬೇರೆ ನರ, ಮಣಿಕಟ್ಟಿನದು. ಈ ತೊಂದರೆಗೆ ಕಾರ್ಪಲ್ ಟನಲ್ ಅನ್ನುತ್ತಾರೆ. ಬಸುರಿನಲ್ಲಿ ಸಾಮಾನ್ಯ, ಹೆಚ್ಚಿನವರಿಗೆ ಹೆರಿಗೆಯಾದ ಮೇಲೆ ಕಡಿಮೆಯಾಗುತ್ತದೆ. ರಾತ್ರಿ ಮಣಿಕಟ್ಟು ನೆಟ್ಟಗಿಡುವ ಸ್ಪ್ಲಿಂಟ್ ಹಾಕಿ. ಡಾಕ್ಟರಿಗೆ ಹೇಳಿ, ಥೈರಾಯ್ಡ್, ಸಕ್ಕರೆ ನೋಡಿಸಿ. ಪೆನ್ನಿಗೆ ಸ್ಪಂಜಿನ ಕೊಳವೆ ಹಾಕಿ ದಪ್ಪ ಮಾಡಿ, ಒತ್ತಡದ ಸೆಟ್ಟಿಂಗ್ ಮೆದು ಮಾಡಿ. ಜೋರಾಗಿ ಒತ್ತದೆಯೇ ದಪ್ಪ ಗೆರೆ ಬರಬೇಕು.

ಗೇಮರ್ ಗುಂಡ: ನಮ್ಮ ಏರಿಯಾ ಸಲೂನಿನಲ್ಲಿ ಕತ್ತು ನೆಟಿಗೆ ತೆಗೆಯುತ್ತಾರೆ. ಸೂಪರ್ ಆರಾಮ. ವಿಡಿಯೋ ಹಾಕಲಾ?

ಫಿಸಿಯೋ ಮೇಡಂ: ಬೇಡ. ಕತ್ತನ್ನು ಹಾಗೆ ತಿರುಚಿದಾಗ ಮೆದುಳಿಗೆ ಹೋಗುವ ರಕ್ತನಾಳ ಹರಿದು ಪಾರ್ಶ್ವವಾಯು ಆಗಿರುವ ಪ್ರಕರಣಗಳಿವೆ. ಅಪರೂಪ, ಆದರೆ ನಿಮಗೇ ಆದರೆ ಅಪರೂಪ ಅಂತ ಸಮಾಧಾನ ಆಗಲ್ಲ. ಕೂದಲು ಕತ್ತರಿಸಿಕೊಂಡು ಬನ್ನಿ, ಸಾಕು.

ಆರೋಗ್ಯ ಭಾಗ್ಯ: ಎಲ್ಲದಕ್ಕೂ ಬೇಡ ಬೇಡ. ಹಿಂದಿನವರು ಆಸ್ಪತ್ರೆಗೆ ಹೋಗುತ್ತಿದ್ದರಾ? ನನ್ನ ಹತ್ತಿರ ತಾಮ್ರದ ಕಡಗ ಇದೆ, 499ಕ್ಕೆ ಕೊಡುತ್ತೇನೆ. ಬೇಕಾದವರು ಮೆಸೇಜ್ ಮಾಡಿ.

ಗೆರೆಗಾರ: ಓಹೋ, ಈಗ ಗೊತ್ತಾಯಿತು ಸೇವೆ ಯಾಕೆ ಅಂತ.

ಆರೋಗ್ಯ ಭಾಗ್ಯ: ಬಾಯಿ ಬಿಗಿ ಹಿಡಿದು ಮಾತಾಡು.

ಕರಾವಳಿ ಕುಂಚ: ಮಾರಾಯರೇ, ಇಬ್ಬರೂ ಸುಮ್ನಿರಿ.

ಅಡ್ಮಿನ್: ಮಾರಾಟದ ಮೆಸೇಜ್ ತೆಗೆದಿದ್ದೇನೆ. ಇನ್ನೊಮ್ಮೆ ಹಾಕಿದರೆ ಗುಂಪಿನಿಂದಲೂ ತೆಗೆಯುತ್ತೇನೆ. ಮೇಡಂ, ಕ್ಷಮಿಸಿ.

ಡ್ರಾಯಿಂಗ್ ಮೇಷ್ಟ್ರು: ಗೆರೆಗಾರರೇ, ಪೆನ್ಶನ್ ಮಾತಿಗೆ ಇನ್ನೂ ಉತ್ತರ ಬರೆಯುತ್ತಿದ್ದೇನೆ. ಟೈಪ್ ಮಾಡುವುದು ನಿಧಾನ.

ಪಿಕ್ಸೆಲ್ ಪುಟ್ಟ: ಮೇಡಂ ಹೆಡ್‌ರೆಸ್ಟ್???

ಫಿಸಿಯೋ ಮೇಡಂ: ನಿಮ್ಮ ಕೈ, ಕತ್ತು ಎಲ್ಲಾ ಸರಿ ಇದೆ ತಾನೇ? ಹಾಗಿದ್ದರೆ ಹೆಡ್‌ರೆಸ್ಟ್ ಬೇಕಾಗಿಲ್ಲ. ನನಗೆ ಇನ್ನು ಹೊರಡಬೇಕು.

ಗಿರ್ಮಿಟ್: ಮೇಡಂ, ಗುರುವಾರಕ್ಕ ನರದ ಡಾಕ್ಟರ್ ಅಪಾಯಿಂಟ್‌ಮೆಂಟ್ ಸಿಕ್ಕಿತು. ಕ್ಲೈಂಟ್‌ಗೂ ಹೇಳೀನಿ, ಬಾಯಿ ಮಾಡಿದ್ರು. ರಿಪೋರ್ಟ್ ಇಲ್ಲಿ ಹಾಕಲೇನು?

ಫಿಸಿಯೋ ಮೇಡಂ: ಇಲ್ಲಿ ಬೇಡ ತಾಯಿ, ಉಪ್ಪು ಹುರಿಯಲು ಶುರು ಮಾಡುತ್ತಾರೆ. ನನಗೆ ಕಳಿಸಿ. ಕಾಗದ ಎಳೆಯುವಾಗ ಹೆಬ್ಬೆರಳು ಮಡಚಿದ್ದನ್ನು ವೈದ್ಯರಿಗೆ ಮರೆಯದೆ ಹೇಳಿ.

ಬೆಂಗಳೂರು ಬ್ರಷ್: ನಿಂತು ಕೆಲಸ ಮಾಡುವ ಮೇಜಿನ ಬಗ್ಗೆ ಕೇಳಿದ್ದೆ…